ಅಡಿಕೆ ಸುಲಿಯೋಕೆ ಕೂರಬಹುದಾ ಮೇಡಂ?

ಹೀಗೆ ಕೇಳಿದವರ ಹೆಸರು ಬೇಡ, ಊರನ್ನೂ ಬದಲಾಯಿಸಿದ್ದೇನೆ. ಹೊಸನಗರದ ಕಡೆಯವರು ಅಂತಿಟ್ಟುಕೊಳ್ಳಿ. ವಯಸ್ಸು 34, ಒಬ್ಬಳು ಮಗಳು. ಸ್ತನ ಕ್ಯಾನ್ಸರಿಗೆ ಬಲಗಡೆಯ ಸ್ತನದ ಜೊತೆ ಕಂಕುಳಿನ ಗಂಟುಗಳನ್ನೂ (ಲಿಂಫ್ ಗ್ರಂಥಿ) ತೆಗೆದು, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ವರ್ಷವಾಗಿತ್ತು. ಕೂತವರೇ ಎರಡೂ ಕೈ ಮೇಜಿನ ಮೇಲಿಟ್ಟರು. ಎಡಗೈ ತುಂಬ ಹಸಿರು ಬಳೆ, ಬಲಗೈ ಬರಿದು. "ಸಂಜೆ ಆದ್ರೆ ಬಳೆ ಹೂತು ಹೋಗುತ್ತೆ ಮೇಡಂ. ಸೋಪು ಹಚ್ಚಿದ್ರೂ ಬರಲಿಲ್ಲ, ಒಡೆದೇ ತೆಗೀಬೇಕಾಯ್ತು."

ಇದಕ್ಕೆ ಲಿಂಫೆಡಿಮಾ ಅಂತಾರೆ. ಗಂಟು ತೆಗೆದಾಗ ಕೈಯಿಂದ ನೀರು ವಾಪಸ್ ಹೋಗುವ ದಾರಿ ಕೆಡುತ್ತದೆ, ಬಾವು ಬರಬಹುದು. ಕೆಲವರಿಗೆ ವರ್ಷಗಳಾದ ಮೇಲೂ ಬರುವುದುಂಟು.

ಸೆರಗು ಹೊದ್ದರೆ ಹೊರಗಿನವರಿಗೆ ಏನೂ ಕಾಣಲ್ಲ. ಬಸ್ಸಲ್ಲಿ "ಚಿಕ್ಕ ವಯಸ್ಸಿನವಳು, ನಿಂತ್ಕೊಳ್ಳಮ್ಮ" ಅನ್ನುತ್ತಾರೆ, ಆದರೆ ಘಟ್ಟದ ತಿರುವಿನಲ್ಲಿ ಮೇಲಿನ ಕಂಬಿ ಹಿಡಿಯಲು ಆ ಕೈ ಏಳಬೇಕಲ್ಲ! ಮನೆಯಲ್ಲಿ ಉಲ್ಟಾ. ಅತ್ತೆ ಕೊಡಪಾನ ಮುಟ್ಟಲೂ ಬಿಡಲ್ಲ, "ನೀ ಸುಮ್ನೆ ಕೂರು ಮಾರಾಯ್ತಿ". ಸುಗ್ಗಿಯಲ್ಲಿ ಹೆಂಗಸರೆಲ್ಲ ಚಪ್ಪರದಲ್ಲಿ ಅಡಿಕೆ ಸುಲಿಯಲು ಕೂತರೆ ಇವರೊಬ್ಬರೇ ಒಳಗೆ, ಟಿವಿ ಮುಂದೆ. "ನಗು ಕೇಳ್ತಿರುತ್ತೆ ಮೇಡಂ" ಅಂದರು. ಕೈ ಊತಕ್ಕಿಂತ ಇದೇ ಜಾಸ್ತಿ ನೋಯಿಸಿದೆ ಅನಿಸಿತು ನನಗೆ.

ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ಅಳತೆ ತೆಗೆದು, ಬಾವು ಏರದಂತೆ ಕೈಗೆ ಹಾಕುವ ಬಿಗಿ ಸ್ಲೀವ್ ಕೊಡುತ್ತಾರೆ. ಎರಡು ತಗೊಳ್ಳಿ ಅಂದೆ, ನಮ್ಮ ಮಳೆಗಾಲದಲ್ಲಿ ಒಗೆದದ್ದು ಎಲ್ಲಿ ಒಣಗುತ್ತದೆ, ಒಲೆ ಮೇಲೆ ಹರವಿದರೆ ಅದರ ಬಿಗಿಯೇ ಹೋಗುತ್ತದೆ. ಇನ್ನು ಭಾರ. ಆ ಕೈಯಲ್ಲಿ ಏನೂ ಎತ್ತಬೇಡಿ ಅನ್ನುವುದು ಹಳೇ ಮಾತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿದರೆ ಬಾವು ಜಾಸ್ತಿಯಾಗಲ್ಲ ಅಂತ ಅಧ್ಯಯನಗಳೇ ತೋರಿಸಿವೆ. ಚೊಂಬಿನಿಂದ ಶುರು ಮಾಡಿ, ಕೊಡಪಾನ ಆಮೇಲೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾತ್ರ ಬೇಡ. ಆ ಕೈಗೆ ಗಾಯವಾದರೆ ಸೋಂಕು ಬೇಗ ಏರುತ್ತದೆ. ಮುಳ್ಳು ಗೀರಿದರೂ ಸೋಪಿನಲ್ಲಿ ತೊಳೆಯಿರಿ, ಕೆಂಪಾಗಿ ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಹಣ್ಣಡಿಕೆ ಆರಿಸುವ ಕೆಲಸ ಇದೆಯಲ್ಲ, ಗ್ಲೌಸ್ ಹಾಕಿಕೊಂಡು ಅದಕ್ಕೆ ಕೂರಿ.

ಅಂಗವಿಕಲರ ಕಾರ್ಡ್ ಸಿಗುತ್ತಾ ಅಂತಲೂ ಕೇಳಿದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯದಲ್ಲಿ ಲಿಂಫೆಡಿಮಾ ಹೆಸರಿಲ್ಲ. ಭುಜ, ಕೈ ಎಷ್ಟು ಆಡುತ್ತವೆ ಅಂತ ಅಳೆಸಿ ಅರ್ಜಿ ಹಾಕಬಹುದು, ಹೆಚ್ಚಿನ ಸೌಲಭ್ಯಕ್ಕೆ ಅಂಗವೈಕಲ್ಯ ಶೇ. 40 ಆದರೂ ಇರಲೇಬೇಕು. ಅದನ್ನೇ ನಂಬಿ ಕೂರಬೇಡಿ ಅಂದೆ.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. ಪಾಪ, ಅವರಿಗೆ ಹೆದರಿಕೆ. ಕೊಡ ಎತ್ತಿದರೆ ಕಾಯಿಲೆ ಮರಳಿ ಬರುತ್ತದೆ ಅಂದುಕೊಂಡಿದ್ದರು! ಹಾಗಲ್ಲ ಅಂತ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು.

ಈ ಸುಗ್ಗಿಯಲ್ಲಿ ಫೋನ್ ಬಂತು. ಸ್ಲೀವ್ ಮೇಲೆ ಅಡಿಕೆ ಕಲೆ ಕೂತಿದೆ, ಏನು ಹಾಕಿ ಒಗೆಯೋದು ಮೇಡಂ ಅಂತ. ನಿಮ್ಮ ಅತ್ತೆಯನ್ನೇ ಕೇಳಿ ಅಂದೆ.