ಲಿಥಿಯಂ ಮಾತ್ರೆ ಮತ್ತು ಭೇದಿ

ಪ್ರಶ್ನೆ: ಬೈಪೋಲಾರ್ ಕಾಯಿಲೆಗೆ ನನ್ನ ತಮ್ಮ ಲಿಥಿಯಂ ತೆಗೆದುಕೊಳ್ಳುತ್ತಾನೆ. ಮೊದಲಿನಿಂದಲೂ ಬೆರಳು ಸಣ್ಣಗೆ ನಡುಗುತ್ತವೆ. ಎರಡು ದಿನದಿಂದ ಭೇದಿಯೂ ಇದೆ. ಮಾತ್ರೆ ಮುಂದುವರಿಸಬಹುದೇ?

ಉತ್ತರ: ಮುಂದಿನ ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡಿ. ಸಣ್ಣ ನಡುಕ ಸರಿಯಾದ ಪ್ರಮಾಣದಲ್ಲೂ ಇರುತ್ತದೆ. ಆತಂಕ ಇರುವುದು ಭೇದಿಯದು. ಮೈಯಿಂದ ನೀರು, ಉಪ್ಪು ಹೋದಾಗ ಮೂತ್ರಪಿಂಡ ಸೋಡಿಯಂ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಭೇದಿಯೇ ವಿಷಮಟ್ಟದ ಮೊದಲ ಲಕ್ಷಣವೂ ಆಗಿರಬಹುದು. ನಡುಕ ಜೋರಾದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಮಂಪರು ಕವಿದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಲಿಥಿಯಂ ಮಟ್ಟ ನೋಡುವ ಮಾಮೂಲಿ ರಕ್ತಪರೀಕ್ಷೆಯನ್ನು ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ಮಾಡಿಸಬೇಕು. ಬೆಳಗಿನ ಮಾತ್ರೆ ನುಂಗಿ ಹೋದರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಇದು ತೀರಾ ಸಾಮಾನ್ಯ ತಪ್ಪು. ದೀರ್ಘಕಾಲದ ಚಿಕಿತ್ಸೆಯಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಸಾಕು, 1.5 ದಾಟಿದರೆ ಅಪಾಯ. ಆದರೂ ಅಂಕಿಗಿಂತ ರೋಗಿಯನ್ನು ನೋಡಿ, ವಯಸ್ಸಾದವರಲ್ಲಿ ಕಡಿಮೆ ಮಟ್ಟದಲ್ಲೂ ವಿಷಲಕ್ಷಣ ಕಾಣಬಹುದು.

ನೋವಿಗೆಂದು ಐಬುಪ್ರೊಫೇನ್, ಡೈಕ್ಲೊಫೆನಾಕ್ ನೀವಾಗಿಯೇ ಕೊಡಬೇಡಿ, ಅವೂ ಲಿಥಿಯಂ ಏರಿಸುತ್ತವೆ. ಊಟದ ಉಪ್ಪನ್ನೂ ಏಕಾಏಕಿ ಕಡಿಮೆ ಮಾಡಬೇಡಿ. ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಕೊಡುವುದಂತೂ ಬೇಡವೇ ಬೇಡ.