ಗೂಗಲ್ ಡ್ರೈವ್‌ಗೆ ಸಿಂಕ್ ಆಗಿದ್ದರೆ ಅಂಗಡಿಯ ಲೆಕ್ಕ ಭದ್ರವೇ?

ಪ್ರಶ್ನೆ: ಗೋಕಾಕಿನಲ್ಲಿ ನಮ್ಮದು ಕರದಂಟಿನ ಅಂಗಡಿ. ಟ್ಯಾಲಿ ಲೆಕ್ಕ, ಜಿಎಸ್‌ಟಿ ಬಿಲ್ಲು ಎಲ್ಲ ಒಂದೇ ಕಂಪ್ಯೂಟರ್‌ನಲ್ಲಿವೆ. ಟ್ಯಾಲಿಯ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್‌ಗೆ ಸಿಂಕ್ ಮಾಡಿಸಿದ್ದೇನೆ. ಒಂದು ಪೆನ್‌ಡ್ರೈವ್ ಗಲ್ಲಾದಲ್ಲಿ ಇರುತ್ತದೆ. ಇಷ್ಟು ಸಾಕಾ? ಮನೆಯ ಫೋಟೋಗಳಿಗೂ ಹೀಗೇ ಮಾಡಬಹುದಾ?

ಉತ್ತರ: ಸಾಲದು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್‌ನಲ್ಲಿ ಕಂಪ್ಯೂಟರ್‌ಗೆ ಆಗಿದ್ದೇ ಡ್ರೈವ್‌ನಲ್ಲೂ ಆಗುತ್ತದೆ. ಇಲ್ಲಿ ಫೈಲು ಅಳಿಸಿದರೆ ಅಲ್ಲೂ ಅಳಿಯುತ್ತದೆ. ರಾನ್ಸಮ್‌ವೇರ್ (ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ವೈರಸ್) ನುಗ್ಗಿ ಇಲ್ಲಿನ ಫೈಲುಗಳಿಗೆ ಬೀಗ ಜಡಿದರೆ, ಬೀಗ ಬಿದ್ದ ಫೈಲುಗಳೇ ಅಲ್ಲಿ ಹೋಗಿ ಕೂರುತ್ತವೆ. ಅಳಿಸಿದ್ದು ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ನಿಜ. ಆದರೆ ಹಳೇ ಬಿಲ್ಲು ಕಾಣೆಯಾಗಿದ್ದು ಗೊತ್ತಾಗೋದು ರಿಟರ್ನ್ ಹಾಕಲು ಕೂತಾಗ, ಅಲ್ವಾ? ಅಷ್ಟರಲ್ಲಿ ತಿಂಗಳು ದಾಟಿರುತ್ತದೆ.

ಟ್ಯಾಲಿ ವಿಷಯದಲ್ಲಿ ಇನ್ನೂ ಒಂದು ತೊಂದರೆ ಇದೆ. ಅದು ತೆರೆದಿರುವಷ್ಟು ಹೊತ್ತೂ ಅದರ ಫೈಲುಗಳು ಬದಲಾಗುತ್ತಲೇ ಇರುತ್ತವೆ. ಅರ್ಧ ಬರೆದ ಫೈಲನ್ನು ಡ್ರೈವ್ ಎತ್ತಿಕೊಂಡರೆ ಡೇಟಾ ಕೆಡಬಹುದು. ಆ ಸಿಂಕ್ ಇವತ್ತೇ ತೆಗೆಸಿ. ಬದಲಿಗೆ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಹಿಡಿದು ವೈ ಒತ್ತಿ, ಬ್ಯಾಕಪ್ ಆರಿಸಿ, ಆ ದಿನದ ತಾರೀಖಿನ ಫೋಲ್ಡರ್‌ಗೆ ಹಾಕಿ. ಆ ಫೋಲ್ಡರನ್ನು 7-ಜಿಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಜಿಪ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಡ್ರೈವ್‌ಗೆ ಹಾಕಿ. ಪ್ರತಿದಿನ ಹೊಸ ಫೈಲು ಇರಲಿ, ಹಳೇದರ ಮೇಲೆ ಬರೆಯಬೇಡಿ. ತಿಂಗಳ ಕೊನೆಯ ಫೈಲನ್ನಂತೂ ಅಳಿಸಲೇಬೇಡಿ. ಜಿಎಸ್‌ಟಿ ಕಾಯ್ದೆ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ತಿಜೋರಿಯಲ್ಲಿಡಿ. ಅದು ಕಳೆದರೆ ಫೈಲು ತೆರೆದುಕೊಡುವವರು ಯಾರೂ ಸಿಗುವುದಿಲ್ಲ. ಡ್ರೈವ್ ಖಾತೆ ನಿಮ್ಮ ಹೆಸರಿನಲ್ಲಿರಲಿ, ಲೆಕ್ಕ ಬರೆಯುವ ಹುಡುಗನ ಜಿಮೇಲ್‌ನಲ್ಲಿ ಬೇಡ. ನಾಳೆ ಅವನು ಕೆಲಸ ಬಿಟ್ಟರೆ?

ಇನ್ನು ಪೆನ್‌ಡ್ರೈವ್. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದ್ದನ್ನು ನಿಮಗೆ ನಾನು ಹೇಳಬೇಕಿಲ್ಲ. ಅಂಥ ಹೊತ್ತಲ್ಲಿ ಕಂಪ್ಯೂಟರ್, ಗಲ್ಲಾ, ಪೆನ್‌ಡ್ರೈವ್ ಮೂರೂ ಒಟ್ಟಿಗೇ ಮುಳುಗುತ್ತವೆ. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಳ್ಳಿ. ವಾರಕ್ಕೊಮ್ಮೆ ಕಾಪಿ ಮಾಡಿ, ಕೂಡಲೇ ಬಿಚ್ಚಿ, ಎತ್ತರದ ಜಾಗದಲ್ಲಿರುವ ನೆಂಟರ ಮನೆಯಲ್ಲಿಡಿ. ಸುಮ್ನೆ ಕಂಪ್ಯೂಟರ್‌ಗೆ ಚುಚ್ಚಿಯೇ ಬಿಟ್ಟರೆ ವೈರಸ್ ಅದನ್ನೂ ಬಿಡುವುದಿಲ್ಲ.

ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ಆ ಬ್ಯಾಕಪ್ ರಿಸ್ಟೋರ್ ಮಾಡಿ ನೋಡಿ. ಯಾವುದಾದರೂ ಹಳೇ ಬಿಲ್ಲು ತೆರೆದು, ಕಾಗದದ ಪ್ರತಿಯ ಜೊತೆ ಮೊತ್ತ ತಾಳೆ ಹಾಕಿ. ಬೇರೇನು ಬಿಟ್ಟರೂ ಇದೊಂದನ್ನು ಬಿಡಬೇಡಿ ಅಂತ ನನ್ನ ಕಳಕಳಿಯ ವಿನಂತಿ.

ಫೋಟೋಗಳಿಗೆ ಗೂಗಲ್ ಫೋಟೋಸ್ ಆದೀತು. ಆದರೆ ಉಚಿತ ಜಾಗ 15 ಜಿಬಿ ಮಾತ್ರ. ಅದರಲ್ಲೇ ಜಿಮೇಲ್, ಡ್ರೈವ್ ಕೂಡ ಪಾಲುದಾರರು. ಮದುವೆ ವಿಡಿಯೋ ಇದ್ದರೆ ದುಡ್ಡು ಕೊಟ್ಟು ಜಾಗ ಜಾಸ್ತಿ ಮಾಡಿಸಿಕೊಳ್ಳಬೇಕು. 10 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ 100 ಜಿಬಿ ಹೋಗಲು ಸುಮಾರು 22 ತಾಸು ಬೇಕು, ಮೊದಲ ಸಲ ತಾಳ್ಮೆ ಇರಲಿ. ಫೋನ್ ತುಂಬಿತು ಅಂತ ಆ ಆ್ಯಪ್‌ನಲ್ಲಿ ಡಿಲೀಟ್ ಒತ್ತಿದರೆ ಆನ್‌ಲೈನ್ ಪ್ರತಿಯೂ ಹೋಗುತ್ತದೆ. ಫೋನಿನಿಂದ ಮಾತ್ರ ತೆಗೆಯಬೇಕಿದ್ದರೆ ‘ಫ್ರೀ ಅಪ್ ಸ್ಪೇಸ್’ ಒತ್ತಿ. ಮನೆಯಲ್ಲಿ ಫೋನ್ ಬಳಸುವ ಎಲ್ಲರಿಗೂ ಇದನ್ನು ತೋರಿಸಿಕೊಡಿ.