ಕಾಯಿಲೆಯವರೆಲ್ಲ 'ಆನಂದ್' ಆಗಬೇಕಾಗಿಲ್ಲ

2021ರ ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ ಫೋನಿನಲ್ಲೇ ನಡೆದ ಆಪ್ತಸಲಹೆ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರನ್ನು ಮೇಷ್ಟ್ರು ಅಂತಲೇ ಕರೆಯೋಣ. ವಯಸ್ಸು 48. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ.

ಫೋನ್ ಮಾಡಿದ್ದು ಅವರ ಹೆಂಡತಿ. "ಮೇಡಂ, ಇವರು ಮಾತೇ ಬಿಟ್ಟಿದ್ದಾರೆ. ಶುಕ್ರವಾರ ಡಯಾಲಿಸಿಸ್‌ಗೂ ಬರಲ್ಲ ಅಂತಾರೆ."

ಇಂಥ ಮಾತು ಕೇಳಿದರೆ ನಾನು ಸುತ್ತಿಬಳಸುವುದಿಲ್ಲ. "ಸಾಯಬೇಕು ಅನ್ಸುತ್ತಾ?" ಅಂತ ಮೇಷ್ಟ್ರನ್ನೇ ಕೇಳಿದೆ. "ಹಾಗಲ್ಲ ಮೇಡಂ, ಸಾಕಾಗಿದೆ" ಅಂದರು. ಆಮೇಲೆ ಸಿನಿಮಾ ಮಾತು ಬಂತು. ಮಗ ಮನೆಯಲ್ಲಿ ಸಾಂಕ್ರಾಮಿಕದ ಕಥೆಯಿರುವ 2011ರ ಇಂಗ್ಲಿಷ್ ಸಿನಿಮಾ 'ಕಂಟೇಜಿಯನ್' ಹಾಕಿದ್ದ. "ವೈರಸ್ ಹುಡುಕೋರಿದ್ದಾರೆ, ಲಸಿಕೆ ಮಾಡೋರಿದ್ದಾರೆ. ಮ್ಯಾಟ್ ಡೇಮನ್ ಪಾತ್ರಕ್ಕಂತೂ ಸೋಂಕೇ ತಗಲಲ್ಲ. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಲೇಬೇಕಾದ ನನ್ನಂಥವನ ಕಥೆ ಯಾರಿಗೂ ಬೇಡ. ಟಿವಿಯಲ್ಲೂ ನಾವು ಬರೋದು ಸತ್ತ ಮೇಲೆ. 'ಅವರಿಗೆ ಬೇರೆ ಕಾಯಿಲೆಯೂ ಇತ್ತು' ಅಂತಾರೆ, ಅಷ್ಟೇ."

ನಿಜ. ಆರೋಗ್ಯವಂತರಿಗೆ ಧೈರ್ಯ ಕೊಟ್ಟ ಆ ಒಂದು ಸಾಲನ್ನು ಮೇಷ್ಟ್ರಂಥವರು ದಿನಾ ಕೇಳಿಸಿಕೊಂಡರು.

ಇತ್ತ ಹೆಂಡತಿ, ಒಳ್ಳೇ ಮನಸ್ಸಿನಿಂದಲೇ, 1971ರ 'ಆನಂದ್' ತೋರಿಸಿದ್ದರು. "ನೋಡ್ರೀ, ಕ್ಯಾನ್ಸರ್ ಇದ್ರೂ ರಾಜೇಶ್ ಖನ್ನಾ ಹೇಗೆ ನಗ್ತಾನೆ!" ಅವತ್ತಿನಿಂದ ಮೇಷ್ಟ್ರಿಗೆ ಸುಸ್ತಾಗಿದೆ ಅನ್ನೋಕೂ ಸಂಕೋಚ. ಆನಂದ್‌ಗೆ ಉಳಿದಿದ್ದು ಕೆಲವೇ ತಿಂಗಳು. ಮೇಷ್ಟ್ರು ವರ್ಷಗಟ್ಟಲೆ ಬದುಕಬೇಕು. ಎದುರಿನವರ ಸಮಾಧಾನಕ್ಕೆ ಅಷ್ಟು ಕಾಲ ನಗುತ್ತಾ ಇರೋಕೆ ಯಾರಿಂದ ಆಗುತ್ತೆ? ಕುಡಿಯುವ ನೀರಿನ ಬಾಟಲಿಗೆ ಗೆರೆ ಹಾಕಿಕೊಳ್ಳುವುದು, ರಕ್ತದಲ್ಲಿ ಪೊಟ್ಯಾಶಿಯಂ ಏರುವ ಭಯಕ್ಕೆ ಸುಡುಬಿಸಿಲಲ್ಲೂ ಎಳನೀರು ಬಿಡುವುದು, ಬೆಳಿಗ್ಗೆ ಎದ್ದು ತೋಳಿನ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಜಾಗ) ಮೇಲೆ ಬೆರಳಿಟ್ಟು, ರಕ್ತ ಹರಿದು ಜುಮ್ಮೆನ್ನುತ್ತಿದೆಯಾ ಅಂತ ನೋಡುವುದು, ಇದೆಲ್ಲ ತೆರೆಯ ಮೇಲೆ ಬರುವುದೇ ಅಪರೂಪ. ನನಗೆ ಸಿಟ್ಟು ಬರುವುದು ಅದಕ್ಕೇ.

ಡಯಾಲಿಸಿಸ್ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಸೋಂಕಿನ ಭಯ ಸುಳ್ಳಲ್ಲ. ಆದರೆ ಡಯಾಲಿಸಿಸ್ ತಪ್ಪಿದರೆ ಶ್ವಾಸಕೋಶಕ್ಕೆ ನೀರು ತುಂಬಬಹುದು, ಪೊಟ್ಯಾಶಿಯಂ ಏರಿ ಹೃದಯಕ್ಕೇ ಕುತ್ತು ಬರಬಹುದು. ಸೋಂಕಿತರಿಗೆ ಬೇರೆ ಪಾಳಿ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಅಲ್ಲಿ ಮಾಸ್ಕ್ ತೆಗೆದು ತಿಂಡಿ ತಿನ್ನಬೇಡಿ ಅಂದೆ. 45 ದಾಟಿದ ಡಯಾಲಿಸಿಸ್ ರೋಗಿಗಳಿಗೆ ಮಾರ್ಚ್ 1ರಿಂದಲೇ ಲಸಿಕೆ ಶುರುವಾಗಿತ್ತು. ಇವರು ಹೆದರಿ ಹಾಕಿಸಿಕೊಂಡಿರಲಿಲ್ಲ. ಆ ಭಯವನ್ನು ಕಿಡ್ನಿ ಡಾಕ್ಟರ ಮುಂದೆಯೇ ಹೇಳಿಕೊಳ್ಳಿ ಅಂದೆ.

ಹೆಂಡತಿಗೆ ಹೇಳಿದ್ದು ಇಷ್ಟು: "ಧೈರ್ಯವಾಗಿರಿ ಅನ್ನೋದು ಬಿಟ್ಟು, ಇವತ್ತು ಹೇಗಿದೆ ಅಂತ ಕೇಳಿ. ಚೆನ್ನಾಗಿಲ್ಲ ಅಂದರೆ ಸಮಜಾಯಿಷಿ ಬೇಡ, ಸುಮ್ನೆ ಜೊತೆಗೆ ಕೂತಿರಿ." ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಮಾತು ಬೇಡ ಅನಿಸಿದರೆ ಮೊದಲೇ ಹೇಳಿಬಿಡುವುದು ಮೇಷ್ಟ್ರ ಕೆಲಸ. ಸಿನಿಮಾ ಬಿಡಬೇಕಾಗಿಲ್ಲ. ಸುಳ್ಳು ಅನಿಸಿದ ಕಡೆ ನಿಲ್ಲಿಸಿ, "ಇದು ಹೀಗಿರಲ್ಲ ಕಣೋ" ಅಂತ ಮಗನಿಗೆ ವಿವರಿಸಲಿ. ಪಾಠ ಹೇಳೋದು ಅವರಿಗೆ ಬರುತ್ತೆ ಅಲ್ವಾ?

ಶುಕ್ರವಾರ ಹೋದರು. ಸಿಡುಕು ಜಾಸ್ತಿಯಾಗಿದೆ ಅಂತ ಹೆಂಡತಿ ಮುಂದಿನ ಕರೆಯಲ್ಲಿ ಹೇಳಿದರು. ಸಿಡುಕಲಿ, ಈಗ ಮಾತಾಡುತ್ತಿದ್ದಾರೆ ಅಂದೆ. ನಿದ್ದೆ ಇನ್ನೂ ಸರಿಹೋಗಿಲ್ಲ, ಅದಕ್ಕೆ ಮನೋವೈದ್ಯರ ಹತ್ತಿರ ಕಳಿಸಿದ್ದೇನೆ.